ಒಂದು ಬಟ್ಟಲು ಚಾ, ಒಂದೂವರೆ ಗಂಟೆ: ಮಂಗಳೂರಿನ ಒಂದು ಜಪಾನಿ ಚಾ ಕೂಟ

ಇದು ಹೋಟೆಲ್ ಅಲ್ಲ, ಕೆಫೆಯೂ ಅಲ್ಲ. ಕದ್ರಿ ಗುಡ್ಡದ ಕೆಳಗಿನ ಒಂದು ಹಳೇ ಹಂಚಿನ ಮನೆ. ಅಲ್ಲಿ ತಿಂಗಳಿಗೆ ಎರಡು ಭಾನುವಾರ ಜಪಾನಿ ಪದ್ಧತಿಯ ಚಾ ಕೂಟ ನಡೆಯುತ್ತದೆ. ಒಂದು ಸಲಕ್ಕೆ 5 ಜನ ಮಾತ್ರ. ತಲೆಗೆ 1,200 ರೂಪಾಯಿ. ನಡೆಸುವವರು ಮಂಗಳೂರಿನವರೇ, 9 ವರ್ಷ ಕ್ಯೋಟೋದಲ್ಲಿದ್ದು ಉರಾಸೆಂಕೆ ಎನ್ನುವ ಚಾ ಪರಂಪರೆಯಲ್ಲಿ ಕಲಿತು ಬಂದವರು. ಅವರು ವಾಸ ಇರುವ ಮನೆ ಅದು. ಹೆಸರು, ವಿಳಾಸ ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಮಂಗಳೂರಲ್ಲಿ ನಾಲ್ಕು ಜನರನ್ನು ಕೇಳಿದರೆ ಗೊತ್ತಾಗುತ್ತದೆ.

ನಾನು ಉಡುಪಿಯಿಂದ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅತ್ತೆಗೆ 72. ಆಟಿ ತಿಂಗಳ ಮಳೆ, ಬಸ್ಸಿನಲ್ಲಿ ಒಂದೂವರೆ ಗಂಟೆ. "ಚಾ ಕುಡಿಯಲಿಕ್ಕೆ ಮಂಗಳೂರಿಗಾ?" ಎಂದು ಪಡುಬಿದ್ರಿ ದಾಟುವವರೆಗೂ ಕೇಳುತ್ತಿದ್ದರು.

ಈ ಕೂಟ ನನಗೆ ಯಾಕೆ ಇಷ್ಟು ಹಿಡಿಸಿತು ಎನ್ನುವುದಕ್ಕೆ ಒಂದು ಹಿಂದಿನ ಕತೆ ಉಂಟು. ಎರಡು ವರ್ಷದ ಹಿಂದೆ ತಮ್ಮನ ಮನೆಗೆ ಒಸಾಕಾಗೆ ಹೋಗಿದ್ದಾಗ, ಕ್ಯೋಟೋದಲ್ಲಿ ಪ್ರವಾಸಿಗರಿಗಾಗಿ ನಡೆಸುವ ಒಂದು ಕಡೆ ಇದೇ ಚಾ ಸಮಾರಂಭಕ್ಕೆ ಹೋಗಿದ್ದೆ. 20 ಜನ ಇದ್ದೆವು. ಕಿಮೋನೋ ಉಡಿಸಿದರು, ಫೋಟೋ ತೆಗೆದರು, ಬೇಗ ಬೇಗ ಇಂಗ್ಲಿಷಿನಲ್ಲಿ ಏನೋ ಹೇಳಿದರು, ನಮ್ಮ ಕೈಗೇ ಬಿದಿರಿನ ಕುಂಚ ಕೊಟ್ಟು ನೀವೇ ಕಲಸಿ ಎಂದರು. 45 ನಿಮಿಷದಲ್ಲಿ ಹೊರಗೆ. ಮುಂದಿನ ಗುಂಪು ಬಾಗಿಲಲ್ಲಿ ಕಾಯುತ್ತಿತ್ತು. ಚಾ ಕಹಿ ಇತ್ತು ಅನ್ನುವುದು ಬಿಟ್ಟರೆ ನನಗೆ ಏನೂ ನೆನಪಿಲ್ಲ. ತಪ್ಪು ಏನಾಗಿತ್ತು ಎಂದು ಮಂಗಳೂರಿನಲ್ಲಿ ಕೂತಾಗ ಗೊತ್ತಾಯಿತು. ಅಲ್ಲಿ ಯಾರೂ ನಮಗೆ ನೆಂಟರ ಕೆಲಸ ಏನು ಎಂದು ಹೇಳಿಕೊಡಲಿಲ್ಲ.

ಇಲ್ಲಿ ಮೊದಲ 20 ನಿಮಿಷ ಅದೇ. ಚಾ ಮಾಡುವುದನ್ನು ಕಲಿಸುವುದಿಲ್ಲ, ನೆಂಟರಾಗಿ ಇರುವುದನ್ನು ಕಲಿಸುತ್ತಾರೆ. ಉಂಗುರ, ಗಡಿಯಾರ ತೆಗೆದಿಡಬೇಕು, ಬಟ್ಟಲಿಗೆ ಗೀರು ಬೀಳಬಾರದು. ಬಿಳಿ ಕಾಲುಚೀಲ ಹಾಕಬೇಕು. ತತಾಮಿ ಚಾಪೆಯ ಅಂಚಿನ ಪಟ್ಟಿ ತುಳಿಯಬಾರದು. ಸೆಂಟು ಹಾಕಿಕೊಂಡು ಬರಬಾರದು. ಅತ್ತೆಯ ಮುಡಿಯಲ್ಲಿ ಶಂಕರಪುರ ಮಲ್ಲಿಗೆ ಇತ್ತು, ಮಳೆಗಾಲದ ರೇಟಿನಲ್ಲಿ ಕೊಂಡ ಅರ್ಧ ಚೆಂಡು. ಕೂಟ ನಡೆಸುವ ಮನೆಯವರು ಹತ್ತಿರ ಬಂದು, "ಬೇಸರ ಮಾಡಬೇಡಿ ಅಮ್ಮ, ಈ ಹೂವಿನ ಪರಿಮಳದ ಎದುರು ನನ್ನ ಚಾ ನಿಲ್ಲುವುದಿಲ್ಲ, ಹೋಗುವಾಗ ಕೊಡುತ್ತೇನೆ" ಎಂದು ಎರಡೂ ಕೈಯಲ್ಲಿ ಇಸಿದುಕೊಂಡರು. ಅತ್ತೆ ಬೇಸರ ಮಾಡಲಿಲ್ಲ. ಕೇಳಿದ ರೀತಿ ಹಾಗಿತ್ತು.

ಚಾ ಕೋಣೆಯ ಬಾಗಿಲು ತಗ್ಗು. ಜಪಾನಿನಲ್ಲಿ ಚಾ ಮನೆಗೆ ನಿಜಿರಿಗುಚಿ ಎನ್ನುವ ಸಣ್ಣ ಬಾಗಿಲು ಇರುತ್ತದೆ, ಎತ್ತರ, ಅಗಲ ಎರಡೂ 65 ಸೆಂಟಿಮೀಟರ್ ಆಸುಪಾಸು, ಮಂಡಿಯೂರಿ ಜಾರಿಕೊಂಡೇ ಒಳಗೆ ಹೋಗಬೇಕು. ಸಮುರಾಯಿಗಳೂ ಕತ್ತಿಯನ್ನು ಹೊರಗೆ ಇಟ್ಟು ಹಾಗೆಯೇ ಹೋಗಬೇಕಿತ್ತು. ಈ ಪದ್ಧತಿಗೆ ಈಗಿನ ರೂಪ ಕೊಟ್ಟವರು ಸೆನ್ ನೋ ರಿಕ್ಯೂ, 1522ರಲ್ಲಿ ಹುಟ್ಟಿದವರು. ಆಳುವವನಾಗಿದ್ದ ಹಿದೆಯೋಶಿಗೇ ಚಾ ಗುರು ಆಗಿದ್ದರು. 1591ರಲ್ಲಿ ಅದೇ ಹಿದೆಯೋಶಿಯ ಆಜ್ಞೆಯಿಂದ ಪ್ರಾಣ ಕಳೆದುಕೊಂಡರು. ಇಲ್ಲಿ ನಿಜಿರಿಗುಚಿ ಕಟ್ಟಿಸಿಲ್ಲ, ಮನೆಯ ಹಳೇ ಬಾಗಿಲನ್ನೇ ಉಳಿಸಿಕೊಂಡಿದ್ದಾರೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ತಲೆ ಬಗ್ಗಿಸದೆ ಒಳಗೆ ಹೋದರೆ ದಾರಂದ ಹಣೆಗೆ ಹೊಡೆಯುತ್ತದಲ್ಲ, ಹಾಗೆ. ಅದೇ ಸಾಕು, ಸರಿಯಾಗಿಯೇ ಉಂಟು.

ಒಳಗೆ ಗೋಡೆಯಲ್ಲಿ ಒಂದು ಗೂಡು, ತೊಕೊನೋಮಾ. ಅದರಲ್ಲಿ ಒಂದು ಬರಹದ ಸುರುಳಿ, ಒಂದು ಹೂ. ಹೂ ನಮ್ಮ ಶಂಖಪುಷ್ಪ, ಒಂದೇ ಬಳ್ಳಿ, ಬಿದಿರಿನ ತುಂಡಿನಲ್ಲಿ. ವಾಸನೆಯಿಲ್ಲದ ಹೂವೇ ಬೇಕಂತೆ. ಬಹಳ ಚೆನ್ನಾಗಿತ್ತು. ಸುರುಳಿಯಲ್ಲಿ ಒಂದೇ ಅಕ್ಷರ, ಜಲಪಾತ ಎಂದು ಅರ್ಥ. ಜಪಾನಿನ ಸೆಕೆಗಾಲದಲ್ಲಿ ನೋಡಿದವರಿಗೆ ತಂಪು ಅನಿಸಲಿ ಎಂದು ಹಾಕುತ್ತಾರೆ. ಆದರೆ ನಮಗಿಲ್ಲಿ ಜುಲೈ ಅಂದರೆ ಮೂರು ದಿನದಿಂದ ಬಿಡದೆ ಹೊಯ್ಯುವ ಮಳೆ, ಒಣಗದ ಬಟ್ಟೆ. ಹಂಚಿನ ಮೇಲೆ ನೀರಿನ ಸದ್ದು ಕೇಳುತ್ತಿರುವಾಗ ಜಲಪಾತದ ಬರಹ ನನಗೆ ಹೊಂದಲಿಲ್ಲ. ಕಾಲಕ್ಕೆ ತಕ್ಕಂತೆ ಎಲ್ಲವನ್ನೂ ಆರಿಸುವುದೇ ಈ ಪದ್ಧತಿಯ ಜೀವ. ಹಾಗಿದ್ದ ಮೇಲೆ ನಮ್ಮ ಕಾಲವನ್ನೇ ಹಿಡಿಯಬೇಕು ಅಲ್ವಾ? ಕೊನೆಗೆ ಇದನ್ನು ಅವರಿಗೆ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿಸಿಕೊಂಡರು. ಒಲೆಯ ವಿಷಯದಲ್ಲೂ ತನಗೆ ಇದೇ ತೊಂದರೆ ಎಂದರು. ಅಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೆಲದ ಮೇಲೆ ಇಡುವ ಒಲೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ನೆಲದೊಳಗೆ ತೋಡಿದ ಒಲೆ, ಚಳಿಗೆ ನೆಂಟರ ಹತ್ತಿರ ಬೆಂಕಿ ಇರಲಿ ಎಂದು. ಮಂಗಳೂರಿನಲ್ಲಿ ಯಾವ ಚಳಿ?

ಎಲ್ಲರೂ ಕೂತ ಮೇಲೆ ಮಾತು ನಿಂತಿತು. ಕಬ್ಬಿಣದ ಕೆಟಲಿನಲ್ಲಿ ನೀರು ಕಾಯುತ್ತಿತ್ತು. ಅದರೊಳಗೆ ತಳದಲ್ಲಿ ಸಣ್ಣ ಕಬ್ಬಿಣದ ಚೂರುಗಳನ್ನು ಅಂಟಿಸಿರುತ್ತಾರಂತೆ, ನೀರು ಬಿಸಿಯಾದಂತೆ ಸದ್ದು ಬರಲಿ ಎಂದು. ಆ ಸದ್ದಿಗೆ ಜಪಾನಿಯಲ್ಲಿ ಪೈನ್ ಮರಗಳ ಗಾಳಿ ಎಂದೇ ಹೆಸರು. ನಾನು ಪೈನ್ ಕಾಡಿನಲ್ಲಿ ನಿಂತವಳಲ್ಲ. ಆದರೆ ಪಡುಕೆರೆಯಲ್ಲಿ, ತಣ್ಣೀರುಬಾವಿಯಲ್ಲಿ ಗಾಳಿಮರದ ಕೆಳಗೆ ಸಂಜೆ ಕೂತವರಿಗೆ ಆ ಸದ್ದು ಗೊತ್ತು. ಅದೇ. ಕಣ್ಣು ಮುಚ್ಚಿದರೆ ಕಡಲ ಕರೆಯಲ್ಲೇ ಇದ್ದೇನೆ ಅನಿಸಿತು.

ಮನೆಯವರು ಕೆಂಪು ರೇಷ್ಮೆ ಬಟ್ಟೆ ಮಡಿಸಿ ಚಾ ಪುಡಿಯ ಡಬ್ಬಿ ಒರೆಸಿದರು. ಬಿದಿರಿನ ಸಣ್ಣ ಚಮಚ ಒರೆಸಿದರು. ಬಿಸಿನೀರು ಹಾಕಿ ಬಟ್ಟಲು ತೊಳೆದರು, ಕುಂಚವನ್ನು ಅದೇ ನೀರಿನಲ್ಲಿ ಅದ್ದಿ ತಿರುಗಿಸಿ ನೋಡಿದರು. ಎಲ್ಲವೂ ಮೊದಲೇ ಚೊಕ್ಕ ಇದ್ದವು. ತೊಳೆದೇ ತಂದ ಬಾಳೆ ಎಲೆಗೆ ಊಟಕ್ಕೆ ಕೂತ ಮೇಲೆ ಮತ್ತೊಮ್ಮೆ ನೀರು ಚಿಮುಕಿಸಿ ಒರೆಸುತ್ತೇವಲ್ಲ, ನನಗೆ ಅದೇ ನೆನಪಾಯಿತು. ಕೈಯಲ್ಲಿ ಅವಸರವೂ ಇಲ್ಲ, ತೋರಿಕೆಯೂ ಇಲ್ಲ. ಆ ಕುಂಚದ ಹೆಸರು ಚಾಸೆನ್. ಒಂದೇ ಬಿದಿರಿನ ತುಂಡನ್ನು ಸೀಳಿ ಸೀಳಿ 80, 100 ಎಳೆ ಮಾಡುತ್ತಾರೆ, ಅಂಟು ಹಾಕುವುದಿಲ್ಲ. ನಾರಾ ಪ್ರಾಂತ್ಯದ ತಕಾಯಾಮಾ ಊರು ಇದಕ್ಕೆ ಹೆಸರುವಾಸಿ.

ಅಷ್ಟರಲ್ಲಿ ಸಿಹಿ ಬರುತ್ತದೆ. ಚಾಗಿಂತ ಮೊದಲು ಸಿಹಿ ತಿಂದು ಮುಗಿಸಬೇಕು, ಚಾದ ಜೊತೆಗೆ ಅಲ್ಲ. ಇಲ್ಲಿ ಅತ್ತೆ ನನ್ನ ಮುಖ ನೋಡಿದರು. ನಮ್ಮಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲದ ತುಂಡು, ಆಮೇಲೆ ನೀರು ಕೊಡುತ್ತೇವೆ. ಅತ್ತೆಯ ಮನೆಯಲ್ಲಿ ಅದು ಇಂದಿಗೂ ಉಂಟು, ಕರೆಂಟು ರಿಪೇರಿಯವರು ಬಂದರೂ ಬೆಲ್ಲ-ನೀರು ಕೊಡದೆ ಕಳಿಸುವುದಿಲ್ಲ. ಬಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನು ಆಮೇಲೆ ಅವರು ಕೇಳಲಿಲ್ಲ. ಇನ್ನು ಸಿಹಿ: ಬಿಳಿ ಅಲಸಂಡೆ ಬೇಯಿಸಿ ರುಬ್ಬಿ ಸಕ್ಕರೆ ಹಾಕಿ ಗೊಟಾಯಿಸಿ, ಮಳೆಹನಿಯ ಆಕಾರಕ್ಕೆ ತಿದ್ದಿದ್ದು. ನಮ್ಮ ಹೋಳಿಗೆಯ ಹೂರಣದ ತಂಗಿ ಅನ್ನಬಹುದು. ಏಲಕ್ಕಿ ಇಲ್ಲ, ತುಪ್ಪ ಇಲ್ಲ. ಬಾಯಿಗೆ ಹಾಕಿದರೆ ಕರಗುತ್ತದೆ. ನನಗೆ ಆ ದಿನ ತಿಂದ, ಕುಡಿದ ಎಲ್ಲದರಲ್ಲಿ ಇದೇ ಹೆಚ್ಚು ಇಷ್ಟವಾಯಿತು.

ಹಿರಿಯರು ಎಂದು ಅತ್ತೆಯನ್ನೇ ಮುಖ್ಯ ನೆಂಟರ ಜಾಗದಲ್ಲಿ ಕೂರಿಸಿದ್ದರು. ಮೊದಲ ಬಟ್ಟಲು ಅವರಿಗೆ. ಕುಡಿಯುವ ಮೊದಲು ಪಕ್ಕದವರಿಗೆ "ಒಸಾಕಿ ನಿ" ಎನ್ನಬೇಕು, ನಿಮಗಿಂತ ಮೊದಲು ತೆಗೆದುಕೊಳ್ಳುತ್ತಿದ್ದೇನೆ ಎಂದು. ಅತ್ತೆ ನನ್ನ ಕಡೆ ತಿರುಗಿ, ತಲೆ ಬಗ್ಗಿಸಿ, ಅದನ್ನು ಹೇಳಿದರು. 26 ವರ್ಷ ಆಯಿತು ನಾನು ಆ ಮನೆಗೆ ಬಂದು. ಊಟದಲ್ಲಿ ಯಾವತ್ತೂ ನನಗಿಂತ ಮೊದಲು ಕೂತವರು ಅವರು, ಅದು ನಮ್ಮ ಮನೆಯ ಕ್ರಮ, ನನಗೆ ಅದರಲ್ಲಿ ಬೇಸರವೂ ಇರಲಿಲ್ಲ. ಆದರೂ ಅವರು ಹಾಗೆ ನನ್ನನ್ನು ಕೇಳಿ ಬಟ್ಟಲು ಎತ್ತಿದಾಗ ನನ್ನ ಗಂಟಲು ಕಟ್ಟಿತು. ಅಲ್ಲಿ ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ.

ಆಮೇಲೆ ಬಟ್ಟಲನ್ನು ಎಡಗೈ ಮೇಲಿಟ್ಟು ಬಲಗೈಯಿಂದ ಎರಡು ಸಲ ತಿರುಗಿಸಬೇಕು. ಬಟ್ಟಲಿನ ಚಂದದ ಮುಖ ನಮ್ಮ ಕಡೆ ಇಟ್ಟು ಕೊಟ್ಟಿರುತ್ತಾರೆ, ಆ ಜಾಗಕ್ಕೆ ಬಾಯಿ ಇಡಬಾರದು ಎಂದು ತಿರುಗಿಸುವುದು. ಮಠದಲ್ಲಿ ಪಂಕ್ತಿಗೆ ಕೂತು ಬೆಳೆದವರಿಗೆ ಇದೇನೂ ಕಷ್ಟ ಅಲ್ಲ. ಎಲೆಯ ಕುಡಿ ಎಡಕ್ಕೆ ಇರಬೇಕು, ಎಲ್ಲರದ್ದೂ ಮುಗಿಯದೆ ಏಳಬಾರದು ಎಂದು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಕೊನೆಯ ಗುಟುಕನ್ನು ಸುರ್ ಎಂದು ಸದ್ದು ಮಾಡಿ ಹೀರಬೇಕು, ಮುಗಿಯಿತು ಎಂದು ಮನೆಯವರಿಗೆ ಗೊತ್ತಾಗಲು. ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿ, ತಿರುಗಿಸಿ, ಕೆಳಗಿಟ್ಟು, ಬಗ್ಗಿ ನೋಡಬೇಕು. ಅತ್ತೆ ಯಾರೂ ಹೇಳದೆಯೇ "ಇದು ಯಾಕೆ ಇಷ್ಟು ಬಾಯಿ ಅಗಲ?" ಎಂದು ಕೇಳಿದರು. ಮುಖ್ಯ ನೆಂಟರು ಕೇಳಬೇಕಾದ ಪ್ರಶ್ನೆಯೇ ಅದು! ಸೆಕೆಗಾಲದ ಬಟ್ಟಲು, ಆಳ ಕಡಿಮೆ, ಚಾ ಬೇಗ ಆರುತ್ತದೆ.

ಚಾದ ರುಚಿ ಬಗ್ಗೆ ನೇರವಾಗಿ ಹೇಳುತ್ತೇನೆ. ಹಾಲಿಲ್ಲ, ಸಕ್ಕರೆ ಇಲ್ಲ. ಸುಮಾರು 2 ಗ್ರಾಂ ಮಾಚಾ, ಅಂದರೆ ಹಸಿರು ಚಾ ಎಲೆಯ ಪುಡಿ, 70 ಮಿಲಿಲೀಟರ್‌ನಷ್ಟು ನೀರು, ಕುದಿಯುವ ನೀರಲ್ಲ, 80 ಡಿಗ್ರಿ ಹತ್ತಿರದ್ದು. ಉರಾಸೆಂಕೆಯವರು ಮೇಲೆ ಪೂರ್ತಿ ನೊರೆ ಬರುವಂತೆ ಕಲಸುತ್ತಾರೆ. ಮೊದಲ ಗುಟುಕಿಗೆ ಒಂದೆಲಗದ ತಂಬುಳಿಯ ಹಾಗೆ ಒಂದು ಹಸಿರು ವಾಸನೆ, ಆಮೇಲೆ ಕಹಿ, ನಿಧಾನಕ್ಕೆ ನಾಲಿಗೆಯ ಹಿಂದೆ ಸಿಹಿ. ಚಾ ಗಿಡಗಳಿಗೆ ಕೀಳುವ ಮೊದಲು ಸುಮಾರು 20 ದಿನ ಚಪ್ಪರ ಹಾಕಿ ನೆರಳು ಮಾಡುತ್ತಾರೆ, ಅದರಿಂದ ಎಲೆ ಕಡು ಹಸಿರಾಗಿ ಒಗರು ಕಡಿಮೆಯಾಗುತ್ತದೆ. ಆಮೇಲೆ ಹಬೆಯಲ್ಲಿಟ್ಟು, ಒಣಗಿಸಿ, ನಾರು ತೆಗೆದು, ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಗಂಟೆಗೆ ಸಿಗುವುದು 40 ಗ್ರಾಂ ಆಸುಪಾಸು. ಅವಸರದಲ್ಲಿ ಬೀಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹೋಗುತ್ತದೆ.

ಆದರೆ ನಮಗೆ ಕೊಟ್ಟ ಪುಡಿಯ ಬಣ್ಣ ಸ್ವಲ್ಪ ಹಳದಿಗೆ ತಿರುಗಿತ್ತು, ಪರಿಮಳವೂ ಕಮ್ಮಿ. ಕೇಳಿದಾಗ ಡಬ್ಬಿ ಒಡೆದು ತಿಂಗಳಾಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಈ ಪುಡಿಗೆ ಗಾಳಿ, ಬೆಳಕು, ತೇವ ಮೂರೂ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಮಾಚಾ ಉಳಿಯುತ್ತದಾ? ಮಳೆಗಾಲದಲ್ಲಿ ಸಣ್ಣ ಡಬ್ಬಿ ತರಿಸಬೇಕು. 1,200 ರೂಪಾಯಿ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕು ಉಂಟು.

ಇನ್ನೊಂದು ಕೊರತೆ ಕೂರುವುದರದ್ದು. ಸೇಜಾ ಎನ್ನುವ ಭಂಗಿ ನಮ್ಮ ವಜ್ರಾಸನವೇ. ನನಗೆ 15 ನಿಮಿಷಕ್ಕೆ ಕಾಲು ಜೋಮು ಹಿಡಿಯಿತು, ಕಾಲು ಬದಲಿಸಿ ಕೂರಲು ಅವರೇ ಹೇಳಿದರು. ಅತ್ತೆಗೆ ಮಂಡಿನೋವು ಎಂದು ಒಂದು ಬೆತ್ತದ ಸ್ಟೂಲು ಕೊಟ್ಟರು. ಎಲ್ಲರೂ ಕೆಳಗೆ ಕೂತಿರುವಾಗ ತಾನೊಬ್ಬಳೇ ಮೇಲೆ ಕೂತದ್ದು ಅತ್ತೆಗೆ ಕೊನೆವರೆಗೂ ಸರಿಯಾಗಲಿಲ್ಲ. ಇದಕ್ಕೆ ಪರಿಹಾರ ಈ ಪದ್ಧತಿಯಲ್ಲೇ ಉಂಟು. 1872ರಲ್ಲಿ ಕ್ಯೋಟೋದಲ್ಲಿ ವಸ್ತುಪ್ರದರ್ಶನ ನಡೆದಾಗ, ವಿದೇಶಿ ನೆಂಟರಿಗೆ ಅನುಕೂಲ ಆಗಲಿ ಎಂದು ಉರಾಸೆಂಕೆಯ 11ನೇ ತಲೆಮಾರಿನ ಗೆಂಗೆನ್‌ಸಾಯಿ ಮೇಜು ಕುರ್ಚಿಯ ಕ್ರಮ ತಂದರು, ರ್ಯೂರೆ ಎಂದು ಹೆಸರು. ಇವರ ಮನೆಯಲ್ಲೂ ಆ ಮೇಜು ಉಂಟು. ಫೋನಿನಲ್ಲಿ ವಯಸ್ಸು ಹೇಳಿದಾಗಲೇ ಅವರು ಕೇಳಬಹುದಿತ್ತು, ಕೇಳಲಿಲ್ಲ. ಹಾಗಾಗಿ ಹಿರಿಯರನ್ನು ಕರೆದುಕೊಂಡು ಹೋಗುವವರು ಬುಕ್ ಮಾಡುವಾಗಲೇ ರ್ಯೂರೆ ಬೇಕು ಎಂದು ಹೇಳಿಬಿಡಿ.

ಬೆಂಕಿ ಇದ್ದಿಲಿನದ್ದಲ್ಲ, ಕರೆಂಟಿನದ್ದು. ಜಪಾನಿನಲ್ಲೂ ಈಗ ಬಹಳ ಕಡೆ ಹಾಗೆಯೇ. ನನಗೆ ಅದು ದೊಡ್ಡ ವಿಷಯ ಅನಿಸಲಿಲ್ಲ. ಅಲ್ಲಿ ಊಟವೂ ಸೇರಿದ ಪೂರ್ತಿ ಸಮಾರಂಭಕ್ಕೆ 4 ಗಂಟೆ ಹಿಡಿಯುತ್ತದೆ, ಇದು ಅದರ ಒಂದು ಭಾಗ ಮಾತ್ರ. ಗಟ್ಟಿ ಚಾ, ಅಂದರೆ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವ ಕೊಯಿಚಾ, ಇಲ್ಲಿ ಇಲ್ಲ. ಎಂಜಲಿನ ವಿಷಯದಲ್ಲಿ ನಮ್ಮವರ ಮನಸ್ಸು ಅವರಿಗೆ ಗೊತ್ತು.

ಬೆಳಿಗ್ಗೆ 10ಕ್ಕೆ ಒಂದು, ಸಂಜೆ 4ಕ್ಕೆ ಒಂದು ಕೂಟ. ಬೆಳಗಿನದ್ದೇ ಆರಿಸಿ. ಇದರಲ್ಲಿ ಎಲೆ ಸೋಸಿ ಬಿಸಾಡುವುದಿಲ್ಲ, ಇಡೀ ಎಲೆಯೇ ಹೊಟ್ಟೆಗೆ ಹೋಗುತ್ತದೆ, ಸಂಜೆ ಕುಡಿದರೆ ನಿದ್ದೆ ದೂರ. ಸುಮ್ನೆ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಸಡಿಲ ಬಟ್ಟೆ ಹಾಕಿ. ಫೋಟೋ ಕೊನೆಯಲ್ಲಿ ಮಾತ್ರ, ಅದು ಬಹಳ ಒಳ್ಳೆಯ ನಿಯಮ.

ಹೊರಡುವಾಗ ಮಳೆ ಜೋರಾಗಿತ್ತು. ಮನೆಯವರು ಜಗಲಿಯವರೆಗೆ ಬಂದು, ಒದ್ದೆ ಬಾಳೆ ಎಲೆಯಲ್ಲಿ ಸುತ್ತಿಟ್ಟಿದ್ದ ಮಲ್ಲಿಗೆಯನ್ನು ಅತ್ತೆಯ ಕೈಗೆ ಕೊಟ್ಟರು. ಒಂದು ಮೊಗ್ಗೂ ಬಾಡಿರಲಿಲ್ಲ. ಅತ್ತೆ ಅಲ್ಲೇ ನಿಂತು ಅದರಲ್ಲಿ ಅರ್ಧ ತುಂಡು ಮಾಡಿ ಅವರ ಮುಡಿಗೆ ಸಿಕ್ಕಿಸಿದರು. ನಾವು ಗೇಟು ದಾಟಿ ರಿಕ್ಷಾ ಹತ್ತುವವರೆಗೂ ಅವರು ಜಗಲಿಯಲ್ಲೇ ನಿಂತಿದ್ದರು. ನವೆಂಬರ್ ಕೂಟಕ್ಕೆ ಎರಡು ಜಾಗ ಹೇಳಿಟ್ಟಿದ್ದೇನೆ, ಈ ಸಲ ಮೇಜಿನದ್ದು.