ಹೊಸ ಕೃತಿ ಕಲಿಯೋಕೆ ಪುಸ್ತಕವೋ, ರೆಕಾರ್ಡಿಂಗೋ, ಗುರುವೋ?

ಕರ್ನಾಟಕ ಸಂಗೀತದ ಪಾಠದಲ್ಲಿ, ಕೃತಿಗಳಿಗೆ ಮೊದಲು ಕಲಿಯುವ ವರ್ಣ ಅನ್ನುವ ರಚನೆಗಳು ಮುಗಿಯುವ ತನಕ ಈ ಪ್ರಶ್ನೆಯೇ ಏಳುವುದಿಲ್ಲ. ಗುರುಗಳು ಹೇಳಿಕೊಟ್ಟಿದ್ದನ್ನು ನುಡಿಸಿದರಾಯಿತು. ಕೃತಿಗಳು ಶುರುವಾಗಿ, ಪಾಠದ ಆಚೆಗೂ ಒಂದೆರಡು ಸ್ವಂತವಾಗಿ ಕಲಿಯಬೇಕು ಅನ್ನಿಸಿದಾಗ ತಲೆಬಿಸಿ ಶುರು. ನಾನು ಪಿಟೀಲು ನುಡಿಸುವವನು. ಹೆಚ್ಚುಕಮ್ಮಿ ಒಂದೇ ಗಾತ್ರದ, ಆದಿತಾಳದ ಕೃತಿಗಳನ್ನು ಆರಿಸಿಕೊಂಡು ಒಂದೊಂದನ್ನು ಒಂದೊಂದು ದಾರಿಯಲ್ಲಿ ಕಲಿತು ನೋಡಿದೆ. ಎಷ್ಟು ಬೇಗ ಬಂತು ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವು ವಾರ ಮುಟ್ಟದೇ ಬಿಟ್ಟು ಮತ್ತೆ ಕಮಾನು ಹಿಡಿದಾಗ ಎಷ್ಟು ಉಳಿದಿದೆ ಅನ್ನುವುದೇ ನನಗೆ ಮುಖ್ಯವಾಗಿತ್ತು.

ವೇಗದಲ್ಲಿ ಸ್ವರಲಿಪಿಯ ಪುಸ್ತಕವನ್ನು ಮೀರಿಸುವುದಿಲ್ಲ ಯಾವುದೂ. ಹ್ರಸ್ವ ‘ಸ’ಕ್ಕೆ ಒಂದು ಎಣಿಕೆ, ದೀರ್ಘ ‘ಸಾ’ಕ್ಕೆ ಎರಡು, ಗೆರೆ ಎಳೆದಿದ್ದರೆ ಇಮ್ಮಡಿ ವೇಗ. ಪಲ್ಲವಿ (ಕೃತಿಯ ಮೊದಲ ಭಾಗ) ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲೇ ಎತ್ತುತ್ತದೋ, ಅರ್ಧ ಅಕ್ಷರ ಬಿಟ್ಟು ಎತ್ತುತ್ತದೋ ಕಣ್ಣಿಗೇ ಕಾಣುತ್ತದೆ. ತಾಳದ ವಿಚಾರದಲ್ಲಿ ಪುಸ್ತಕ ಅಷ್ಟು ಖಚಿತ. ಕಷ್ಟ ಇರುವುದು ರಾಗದಲ್ಲಿ. ತೋಡಿಯ ಗಾಂಧಾರಕ್ಕೆ ಕಾಗದದ ಮೇಲೆ ‘ಗ’ ಅಂತ ಒಂದೇ ಅಕ್ಷರ. ನುಡಿಸುವಾಗ ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಋಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರಬೇಕು. ಭೈರವಿಯಲ್ಲಿ ಆರೋಹಣಕ್ಕೆ ಚತುಶ್ರುತಿ ಧೈವತ, ಅವರೋಹಣಕ್ಕೆ ಶುದ್ಧ ಧೈವತ. ಸಾಮಾನ್ಯ ಪುಸ್ತಕದಲ್ಲಿ ಎರಡಕ್ಕೂ ‘ದ’. ರಾಗ ಮೊದಲೇ ಕಿವಿಯಲ್ಲಿದ್ದವರಿಗೆ ತೊಂದರೆಯಿಲ್ಲ, ಇಲ್ಲದವರಿಗೆ ಪುಸ್ತಕ ಸಹಾಯ ಮಾಡುವುದಿಲ್ಲ. ಸಾಲದ್ದಕ್ಕೆ, ಮುದ್ರಣದಲ್ಲಿ ತಾರಸ್ಥಾಯಿಯ ಚುಕ್ಕಿ ಹಾರಿಹೋಗಿದ್ದರೆ ಮೇಲಿನ ಷಡ್ಜ ಕೆಳಕ್ಕೆ ಬಿದ್ದಿರುತ್ತದೆ.

ಹೀಗೆ ಸ್ವರವನ್ನು ತೂಗುವ, ಜಾರಿಸುವ ಗಮಕವನ್ನು ಬರೆಯಲೇ ಆಗದು ಅಂತಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಕಂಪಿತ, ಸ್ಫುರಿತ, ಜಾರು ಅನ್ನುವ ಗಮಕಗಳಿಗೆಲ್ಲ ಸ್ವರದ ಜೊತೆಗೆ ಚಿಹ್ನೆಗಳಿವೆ. ಅದನ್ನು ಇಟ್ಟುಕೊಂಡು ಕೂತರೆ ಆ ಸೂಕ್ಷ್ಮ ನೋಡಿ ಬೆರಗಾಗುತ್ತದೆ. ಆದರೆ ಕಂಪಿತದ ಚಿಹ್ನೆ ಇಲ್ಲಿ ಅಲುಗಿಸು ಅನ್ನುತ್ತದೆ, ಎಷ್ಟು ಅಗಲಕ್ಕೆ, ಯಾವ ಗತಿಯಲ್ಲಿ ಅನ್ನುವುದನ್ನು ನಮ್ಮ ಕಿವಿಗೇ ಬಿಡುತ್ತದೆ.

ಹೀಗೆ ಪುಸ್ತಕದಿಂದ ಕಲಿತದ್ದು ನನ್ನಲ್ಲಿ ಉಳಿದದ್ದೂ ಪುಟವಾಗಿಯೇ. ಅನುಪಲ್ಲವಿಯ (ಪಲ್ಲವಿಯ ನಂತರದ ಭಾಗ) ಮೂರನೇ ಸಂಗತಿ, ಅಂದರೆ ಅದೇ ಸಾಲನ್ನು ಬದಲಿಸಿ ನುಡಿಸುವ ಮೂರನೇ ರೂಪ, ಎಡಗಡೆ ಪುಟದ ಕೆಳಗಿದೆ ಅನ್ನುವುದು ಚೆನ್ನಾಗಿ ನೆನಪಿತ್ತು. ಸಂಗತಿ ಮಾತ್ರ ಬೆರಳಿಗೆ ಬರಲಿಲ್ಲ.

ರೆಕಾರ್ಡಿಂಗ್‌ನ ರುಚಿಯೇ ಬೇರೆ. ರಾಗದ ಮೈ ಮೊದಲ ದಿನವೇ ಸಿಗುತ್ತದೆ. ಆದರೆ ಯಾವುದನ್ನು ಆರಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷವಷ್ಟೇ ಜಾಗ. ಹಾಗಾಗಿ ಅದರಲ್ಲಿ ಹಾಡಿದವರು ಸಂಗತಿಗಳನ್ನು ಕತ್ತರಿಸಿರಬಹುದು, ಚರಣವನ್ನು ಓಡಿಸಿರಬಹುದು. ಕಛೇರಿಯ ರೆಕಾರ್ಡಿಂಗ್‌ನಲ್ಲಿ ತದ್ವಿರುದ್ಧ: ಯಾವುದು ಪಾಠದ ಸಂಗತಿ, ಯಾವುದು ಆ ಸಂಜೆಯ ಹುಮ್ಮಸ್ಸಿನಲ್ಲಿ ಹುಟ್ಟಿದ್ದು ಅಂತ ಹೊಸಬನಿಗೆ ತಿಳಿಯುವುದಿಲ್ಲ. ಒಂದೇ ಕೃತಿಯನ್ನು ಇಬ್ಬರು ಮೂವರು ಹಾಡಿದ್ದನ್ನು ಕೇಳಿ ನೋಡಿ. ಎಲ್ಲರಲ್ಲೂ ಇರುವುದು ಎಲುಬು, ಉಳಿದದ್ದು ಪಾಠಾಂತರ (ಅವರವರ ಗುರುಗಳ ಪಾಠ) ಇಲ್ಲವೇ ಮನೋಧರ್ಮ (ಆ ಹೊತ್ತಿನ ಸ್ವಂತ ಕಲ್ಪನೆ). ಎಲ್ಲರದನ್ನೂ ಸೇರಿಸಿ ಕಲಸುಮೇಲೋಗರ ಮಾಡದೆ, ಕಲಿಯುವಾಗ ಒಬ್ಬರ ಪಾಠಕ್ಕೇ ಅಂಟಿಕೊಳ್ಳುವುದು ಒಳ್ಳೆಯದು.

ಈಗ ವೇಗ ಇಳಿಸುವ ಆಪ್‌ಗಳ ವಿಷಯ. ಶ್ರುತಿ ಬದಲಾಗದಂತೆ ಗತಿಯನ್ನು ಮಾತ್ರ ತಗ್ಗಿಸುತ್ತವೆ, ಬೇಕಾದರೆ ಗಾಯಕಿಯ ಶ್ರುತಿಯನ್ನು ನನ್ನ ಪಿಟೀಲಿನ ಶ್ರುತಿಗೆ ತಂದುಕೊಡುತ್ತವೆ. ಮುಕ್ಕಾಲು ವೇಗದಲ್ಲಿ ಎಲ್ಲವೂ ಚೊಕ್ಕ. ಅರ್ಧಕ್ಕೆ ಇಳಿಸಿದರೆ ಮೃದಂಗದ ಪೆಟ್ಟು ಅಂಚು ಕಳೆದುಕೊಂಡು ರಾಚಿದಂತೆ ಕೇಳುತ್ತದೆ, ಆದರೆ ಕಂಠದ ಗಮಕ ಬಿಚ್ಚಿಕೊಳ್ಳುತ್ತದೆ. ಬಿರುಸಾದ ಒಂದು ಸಂಗತಿಯಲ್ಲಿ ಬರೀ ಅಲುಗಾಟ ಅಂದುಕೊಂಡಿದ್ದು, ನಿಧಾನದಲ್ಲಿ ಕೇಳಿದರೆ ಮಧ್ಯಮವನ್ನು ಎರಡು ಸಲ ಸೋಕಿ, ಮೂರನೆಯ ಸಲ ಅಲ್ಲಿಯ ತನಕ ಹೋಗದೆ ಕೆಳಗಿಳಿಯುತ್ತಿತ್ತು. ಇಂಥದ್ದನ್ನು ಬರಿಗಿವಿಯಲ್ಲಿ ಹಿಡಿಯುವುದು ನನ್ನಿಂದಾಗದ ಕೆಲಸ.

ಹಾಗಂತ ಅದೇ ನಿಧಾನದಲ್ಲಿ ಅಭ್ಯಾಸ ಮಾಡಿ, ದಿನಕ್ಕಿಷ್ಟು ವೇಗ ಏರಿಸುತ್ತಾ ಹೋಗುವ ಪದ್ಧತಿ ಇದೆಯಲ್ಲ, ಅದು ನಮ್ಮ ಸಂಗೀತಕ್ಕೆ ಪೂರ್ತಿ ಹೊಂದುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪಿಯಾನೋದಲ್ಲಿ ನಿಧಾನಕ್ಕೂ ವೇಗಕ್ಕೂ ಒತ್ತುವ ಮನೆಗಳು ಅವೇ. ಗಮಕ ಹಾಗಲ್ಲ. ವೇಗ ಏರಿದಂತೆ ಅಲೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಕೆಲವು ಸ್ವರಗಳು ಗಮಕವನ್ನೇ ಬಿಟ್ಟು ನೇರವಾಗಿ ನಿಲ್ಲುತ್ತವೆ. ಅರ್ಧ ವೇಗದಲ್ಲಿ ಬೆರಳಿಗೆ ಕೂರಿಸಿದ ನಾಲ್ಕು ತೂಗಾಟವನ್ನು ಪೂರ್ತಿ ವೇಗದಲ್ಲಿ ತುರುಕಲು ಹೋದರೆ ತಾಳ ಹಿಂದೆ ಬೀಳುತ್ತದೆ. ಆದ್ದರಿಂದ ಆಪ್ ಕೇಳುವುದಕ್ಕೆ ಸೈ, ಅದರ ಜೊತೆಗೆ ನುಡಿಸುವುದಕ್ಕೆ ಬೇಡ.

ಗುರುಮುಖದ ಪಾಠದ ಬಗ್ಗೆ ಹೆಚ್ಚು ಹೇಳುವುದೇನಿದೆ? ಅವರು ಒಂದು ತುಣುಕು ನುಡಿಸುತ್ತಾರೆ, ನಾನು ತಿರುಗಿ ನುಡಿಸುತ್ತೇನೆ, “ಊಹೂಂ, ಇನ್ನೊಮ್ಮೆ” ಅನ್ನುತ್ತಾರೆ. ಆ ‘ಊಹೂಂ’ ಪುಸ್ತಕದಲ್ಲೂ ಇಲ್ಲ, ಆಪ್‌ನಲ್ಲೂ ಇಲ್ಲ. ಕಮಾನು ಎಲ್ಲಿ ತಿರುಗಬೇಕು ಅನ್ನುವುದೂ ಅವರ ಕೈ ನೋಡಿಯೇ ಬರಬೇಕು. ಆನ್‌ಲೈನ್ ಪಾಠ ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ: ದನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ನುಡಿಸಲಾಗದು, ಮೇಲಾಗಿ ಗದ್ದಲ ಅಡಗಿಸುವ ಸೌಲಭ್ಯ ತಂಬೂರಿಯನ್ನೂ ಗದ್ದಲವೆಂದು ತಿಳಿದು ನುಂಗುತ್ತದೆ. ಸೆಟ್ಟಿಂಗ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿಯೇ ಕೂರಬೇಕು.

ಇನ್ನೊಂದು ದಾರಿ ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟಿತು: ವಾದ್ಯ ಮುಟ್ಟದೆ ಕಲಿಯುವುದು. ಪಾಶ್ಚಾತ್ಯ ಸಂಗೀತದಲ್ಲೂ ಇದಕ್ಕೆ ಮಾನ್ಯತೆ ಇದೆ. ಪಿಯಾನೋ ವಾದಕ ವಾಲ್ಟರ್ ಗೀಸೆಕಿಂಗ್ ಮತ್ತು ಅವರ ಗುರು ಕಾರ್ಲ್ ಲೈಮರ್, ಬರಹವನ್ನು ಕಣ್ಣಲ್ಲೇ ಓದಿ ಮನಸ್ಸಿಗೆ ಇಳಿಸಿಕೊಂಡ ಮೇಲೆ ಕೀಲಿಮಣೆಗೆ ಬನ್ನಿ ಎನ್ನುತ್ತಿದ್ದರು. ನಮ್ಮಲ್ಲಿ ಅದರ ರೂಪ, ತಾಳ ಹಾಕಿಕೊಂಡು ಸಾಹಿತ್ಯ ಹಾಡುವುದು. ದನಿ ಚೆನ್ನಾಗಿರಬೇಕಿಲ್ಲ (ನನ್ನದಂತೂ ಮನೆಮಂದಿಗೆ ಶಿಕ್ಷೆ). ಸಾಹಿತ್ಯ ಬಾಯಿಗೆ ಬಂದರೆ ಕಮಾನಿನ ಅರ್ಧ ಲೆಕ್ಕ ತಾನಾಗಿ ಬಗೆಹರಿಯುತ್ತದೆ, ಯಾಕೆಂದರೆ ಬಹುಪಾಲು ಹೊಸ ಅಕ್ಷರ ಬಂದಲ್ಲೇ ಕಮಾನು ತಿರುಗುವುದು. ಹೀಗೆ ಕಲಿತ ಕೃತಿ, ವಾರಗಟ್ಟಲೆ ಬಿಟ್ಟು ನುಡಿಸಿದಾಗಲೂ ಸಂಗತಿಗಳ ಕ್ರಮ ತಪ್ಪಲಿಲ್ಲ.

ಈಗ ನನ್ನ ರೂಢಿ ಹೀಗಿದೆ: ಮೊದಲು ಕೇಳುವುದು, ಆಮೇಲೆ ಹಾಡುವುದು, ತೊಡಕಿದ್ದಲ್ಲಿ ಆಪ್, ನುಡಿಸಿ ಗುರುಗಳಿಗೆ ಒಪ್ಪಿಸುವುದು, ಕೊನೆಗೆ ಮರೆಯದಿರಲಿ ಅಂತ ಸ್ವರಲಿಪಿಯನ್ನು ಸ್ವಂತ ಕೈಯಲ್ಲಿ ಬರೆದಿಡುವುದು. ಚಿಟ್ಟೆಸ್ವರ (ಮೊದಲೇ ಕಟ್ಟಿಟ್ಟ ಸ್ವರಗಳ ಭಾಗ) ಇದ್ದ ಕೃತಿಗೆ ಮಾತ್ರ ಆ ಭಾಗದಲ್ಲಿ ಪುಸ್ತಕವೇ ಮೊದಲು. ಅಲ್ಲಿ ಬಾಯಲ್ಲಿ ಹೇಳುವುದೂ ಸ್ವರವೇ ಆದ್ದರಿಂದ ಕಾಗದಕ್ಕೂ ಹಾಡಿಗೂ ಅಂತರ ಕಡಿಮೆ. ಕೊನೆಯ ಆವರ್ತದಿಂದ (ತಾಳದ ಒಂದು ಪೂರ್ತಿ ಸುತ್ತು) ಶುರುಮಾಡಿ ಒಂದೊಂದೇ ಆವರ್ತ ಹಿಂದಕ್ಕೆ ಸೇರಿಸುತ್ತಾ ಹೋದರೆ, ಮುಂದೆ ಬರುವುದೆಲ್ಲ ಆಗಲೇ ಕೈಗೆ ಬಂದಿರುತ್ತದೆ, ಪಲ್ಲವಿಯ ಎತ್ತುಗಡೆಗೆ ಬಂದು ಸೇರುವ ಜಾಗದಲ್ಲಿ ಮುಗ್ಗರಿಸುವುದಿಲ್ಲ.