ಮೂರು ಡಬ್ಬಿ ತಂದೆವು, ಎರಡೇ ಸಾಕಾಯಿತು: ಮೆಶ್ ವೈಫೈ ಜೊತೆ ಎರಡು ವರ್ಷ

ನಮ್ಮ ಮನೆಯಲ್ಲಿ ಮಹಡಿ ಮೇಲಿನ ಹಿಂದಿನ ಕೋಣೆಗೆ 'ಗುಹೆ' ಅಂತ ಹೆಸರು. ಗಾಳಿ ಬೆಳಕೆಲ್ಲ ಚೆನ್ನಾಗಿಯೇ ಇದೆ, ವೈಫೈ ಮಾತ್ರ ಬರುತ್ತಿರಲಿಲ್ಲ. ರೌಟರ್ ಇದ್ದದ್ದು ಕೆಳಗೆ, ಹಾಲ್‌ನ ಮೂಲೆಯಲ್ಲಿ. ಗುಹೆಗೂ ಅದಕ್ಕೂ ನಡುವೆ ಒಂದು ಆರ್‌ಸಿಸಿ ಚಾವಣಿ, ಎರಡು ಗೋಡೆ, ಒಂದು ಕಬ್ಬಿಣದ ಬೀರು. ನನ್ನ ಆಫೀಸ್ ಕೆಲಸವೆಲ್ಲ ಅದೇ ಕೋಣೆಯಲ್ಲಿ. ಮೀಟಿಂಗ್‌ನಲ್ಲಿ ನಾನು ಬಾಯಿ ತೆರೆಯೋದಕ್ಕೂ ವಿಡಿಯೋ ನಿಂತುಬಿಡೋದಕ್ಕೂ ಸರಿಹೋಗುತ್ತಿತ್ತು. ಎದುರಿನವರಿಗೆ ಅರ್ಧ ಆಕಳಿಸಿದ ಮುಖವೊಂದೇ ಕಾಣುತ್ತಿತ್ತಂತೆ. ದುಡ್ಡು ಕಟ್ಟುತ್ತಿದ್ದದ್ದು 300 ಎಂಬಿಪಿಎಸ್‌ಗೆ, ಗುಹೆಯಲ್ಲಿ ಸಿಗುತ್ತಿದ್ದದ್ದು 8. ಅದೃಷ್ಟ ಚೆನ್ನಾಗಿದ್ದ ದಿನ 10.

ಮೊದಲು ಒಂದು ಎಕ್ಸ್‌ಟೆಂಡರ್ ತಂದು ನೋಡಿದೆವು. ಅದು ಒಂದೇ ರೇಡಿಯೋದಲ್ಲಿ ರೌಟರ್ ಮಾತು ಕೇಳಿಸಿಕೊಂಡು ಅದೇ ರೇಡಿಯೋದಲ್ಲಿ ಫೋನ್‌ಗೆ ದಾಟಿಸಬೇಕು. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಅದರ ನೆಟ್‌ವರ್ಕ್ ಹೆಸರೂ ಬೇರೆ. ಮೆಟ್ಟಿಲು ಹತ್ತಿದಾಗೊಮ್ಮೆ, ಇಳಿದಾಗೊಮ್ಮೆ ಕೈಯಾರೆ ಬದಲಿಸಬೇಕಿತ್ತು. ಮೂರು ವಾರಕ್ಕೆ ಅದು ಅಟ್ಟ ಸೇರಿತು.

ಆಮೇಲೆ ತಂದದ್ದೇ ಈ ಮೆಶ್ ಸೆಟ್. ಮೆಶ್ ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಹಲವು ಡಬ್ಬಿ ಸೇರಿ, ಒಂದೇ ಹೆಸರಿನ ವೈಫೈ ಹಂಚುವ ವ್ಯವಸ್ಥೆ. ಮೂರು ಡಬ್ಬಿ, ಎರಡು ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ರೇಡಿಯೋ ದಾರಿ), ವೈಫೈ 6. ಬ್ರಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಮಾಡೆಲ್‌ಗಳು ಬೇಗ ಬೇಗ ಬದಲಾಗುತ್ತವೆ, ನಾನು ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ಯಾವ ಡಬ್ಬಿ ತಂದರೂ ಬರುವಂಥದ್ದೇ.

ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 'ಎಎಕ್ಸ್ 3000' ಅಂತ ಇತ್ತು. ನಮ್ಮನೆಯವರು ಅದನ್ನು ನೋಡಿಯೇ ಮರುಳಾದರು. ಆ 3000 ಎಲ್ಲಿಂದ ಬಂತು ಗೊತ್ತಾ? 2.4 ಗಿಗಾಹರ್ಟ್ಸ್‌ನ 574 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನ 2402, ಎರಡನ್ನೂ ಕೂಡಿ ಮೇಲಕ್ಕೆ ದುಂಡಗೆ ಮಾಡಿದ್ದು. ಒಂದು ಫೋನ್ ಒಂದು ಸಲಕ್ಕೆ ಹಿಡಿಯುವುದು ಸಾಮಾನ್ಯವಾಗಿ ಒಂದೇ ಬ್ಯಾಂಡ್. 2402 ಬರಬೇಕಾದರೆ ಫೋನ್‌ಗೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಗೊತ್ತಿರಬೇಕು. 80ಕ್ಕೇ ನಿಲ್ಲುವ ಫೋನ್‌ಗಳು ಬೇಕಾದಷ್ಟಿವೆ. ಅವಕ್ಕೆ ಸಿಗುವುದು ಅದರರ್ಧ, ಅದೂ ಕಾಗದದ ಮೇಲೆ.

ಮೊದಲ ದಿನವೇ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಸಿಗ್ನಲ್ ಇಲ್ಲದ್ದು ಗುಹೆಯಲ್ಲಿ ತಾನೇ, ಒಂದು ಡಬ್ಬಿ ಅಲ್ಲೇ ಇರಲಿ ಅಂತ ಬೀರುವಿನ ಹಿಂದಿನ ಪ್ಲಗ್ ಪಾಯಿಂಟ್‌ಗೆ ಚುಚ್ಚಿದೆ. ನಲ್ಲಿಯಲ್ಲಿ ನೀರು ಬಾರದ ಕಡೆ ಬಿಂದಿಗೆ ಇಟ್ಟು ಕಾದ ಹಾಗಾಯಿತು. ಫೋನ್‌ನಲ್ಲಿ ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಗಿರಗಿರ ಸುತ್ತುತ್ತಿದೆ. ಕಡ್ಡಿ ತೋರಿಸುವುದು ಫೋನ್‌ಗೂ ಪಕ್ಕದ ಡಬ್ಬಿಗೂ ಇರುವ ನಂಟನ್ನು. ಆ ಡಬ್ಬಿಗೇ ಹಿಂದಿನಿಂದ ಏನೂ ಬರುತ್ತಿಲ್ಲ ಅಂದರೆ ಕಡ್ಡಿ ಇಟ್ಟುಕೊಂಡು ಏನು ಮಾಡೋದು?

ಒಂದು ಭಾನುವಾರ ಮಗಳು ಪೇಪರ್ ಪೆನ್ನು ಹಿಡಿದು ನಿಂತಳು. ನಾನು ಉಳಿದೆರಡು ಡಬ್ಬಿ ಆರಿಸಿ, ಸಿಗ್ನಲ್ ಅಳೆಯುವ ಆಪ್ ತೆರೆದು ಮನೆಯೆಲ್ಲ ಸುತ್ತಿದೆ. ಇಲ್ಲಿ ಅಂಕಿಯೆಲ್ಲ ಮೈನಸ್. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಭರ್ಜರಿ. ಮೈನಸ್ 67 ದಾಟಿದರೆ ವಿಡಿಯೋ ಕಾಲ್ ಮುಗ್ಗರಿಸೋಕೆ ಶುರು. ಮೈನಸ್ 80 ಅಂದರೆ ಇದ್ದೂ ಇಲ್ಲದ ಹಾಗೆ. ಬೀರುವಿನ ಹಿಂದೆ ಮೈನಸ್ 78. ನಾಲ್ಕು ಮಾರು ಈಚೆಗೆ, ಮೆಟ್ಟಿಲ ತುದಿಯಲ್ಲಿ ಮೈನಸ್ 58. "ಅಮ್ಮಾ, ಇಪ್ಪತ್ತೇ ತಾನೇ ಜಾಸ್ತಿ?" ಅಂದಳು. ಇಪ್ಪತ್ತು ಅಂದರೆ ನೂರು ಪಟ್ಟು, ಕಣೇ. ಈ ಅಳತೆಯಲ್ಲಿ ಪ್ರತಿ 10ಕ್ಕೂ ಹತ್ತು ಪಟ್ಟು ಏರುತ್ತದೆ.

ಹಾಲ್‌ನಲ್ಲಿ ಒಂದು, ಮೆಟ್ಟಿಲ ತುದಿಯಲ್ಲಿ ಒಂದು, ಗುಹೆಯಲ್ಲಿ ಬೀರುವಿನಿಂದ ದೂರ ಶೆಲ್ಫ್ ಮೇಲೆ ಒಂದು. ಹೀಗೆ ಇಟ್ಟ ಮೇಲೆ ಗುಹೆಯಲ್ಲಿ 60, 70 ಬಂತು. ಮೀಟಿಂಗ್ ನಿಲ್ಲೋದು ನಿಂತಿತು. ಎಂಟು ತಿಂಗಳು ಇಷ್ಟರಲ್ಲೇ ಖುಷಿಯಾಗಿದ್ದೆವು. ಸಂಜೆ ಎಲ್ಲರೂ ಒಟ್ಟಿಗೆ ನೆಟ್ ಹಿಡಿದು ಕೂತರೆ ಮಾತ್ರ 25ಕ್ಕೆ ಬೀಳುತ್ತಿತ್ತು. ಎರಡು ಬ್ಯಾಂಡಿನ ಡಬ್ಬಿಯಲ್ಲಿ ಫೋನ್ ಜೊತೆ ಮಾತಾಡೋದಕ್ಕೂ ಇನ್ನೊಂದು ಡಬ್ಬಿಗೆ ದಾಟಿಸೋದಕ್ಕೂ ಗಾಳಿ ಒಂದೇ. ಎಕ್ಸ್‌ಟೆಂಡರ್‌ನ ಹಳೇ ರೋಗ ಇಲ್ಲೂ ಇದೆ, ಮೈ ಸ್ವಲ್ಪ ಗಟ್ಟಿ ಅಷ್ಟೇ.

ಈ ಎರಡು ವರ್ಷದಲ್ಲಿ ಮಾಡಿದ ಒಳ್ಳೆಯ ಖರ್ಚು ಯಾವುದು ಅಂದರೆ ಡಬ್ಬಿಗಳಲ್ಲ, ಹಾಲ್‌ನ ಡಬ್ಬಿಯಿಂದ ಗುಹೆಯ ಡಬ್ಬಿಗೆ ಎಳೆದ 18 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಗೋಡೆಯೊಳಗಿನ ಪೈಪಿನಲ್ಲಿ ಯಾರೂ ಬಳಸದ ಹಳೇ ಟಿವಿ ಕೇಬಲ್ ಇತ್ತು. ಎಲೆಕ್ಟ್ರಿಷಿಯನ್ ಅದರ ತುದಿಗೆ ಹೊಸದನ್ನು ಜೋಡಿಸಿ, ಟೇಪ್ ಬಿಗಿಯಾಗಿ ಸುತ್ತಿ, ಮೇಲಿನಿಂದ ಎಳೆದರು. ಕೆಳಗೆ ನಾನು ಬಿಟ್ಟುಕೊಡುತ್ತಾ ನಿಂತೆ. ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೇಬಲ್‌ಗೆ ಸೋಪಿನ ನೀರು ಸವರಿದ ಮೇಲೆ ಜಾರಿ ಬಂತು. ತುದಿಗೆ ಕನೆಕ್ಟರ್ ಒತ್ತಿ, ಗುಹೆಯ ಡಬ್ಬಿಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿದರೆ 94. ಮತ್ತೆ ಮಾಡಿದರೂ 94. ಮೂರನೇ ಸಲವೂ 94. ಅಷ್ಟು ಹಟ ಹಿಡಿದು ಒಂದೇ ಕಡೆ ನಿಂತಿತು ಅಂದರೆ ಕೇಬಲ್ 100ರ ವೇಗಕ್ಕೆ ಇಳಿದುಕೊಂಡಿದೆ ಅಂತ ಅರ್ಥ. 100ಕ್ಕೆ ಒಳಗಿನ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ಎಂಟೂ ಸರಿಯಾಗಿ ಕೂರಬೇಕು. ಕಂದು ಎಳೆಯೊಂದು ಕನೆಕ್ಟರ್ ತುದಿ ಮುಟ್ಟಿರಲೇ ಇಲ್ಲ. ಕತ್ತರಿಸಿ ಹೊಸದು ಹಾಕಿದರು. 285!

ಅವತ್ತೇ ಮೆಟ್ಟಿಲ ತುದಿಯ ಡಬ್ಬಿ ಆರಿಸಿ ನೋಡಿದೆ. ಯಾರಿಗೂ ಗೊತ್ತಾಗಲಿಲ್ಲ. ಅದೂ ಅಟ್ಟ ಸೇರಿ ಈಗ ಹದಿನಾರು ತಿಂಗಳು.

ಬೇಜಾರಿನ ವಿಷಯಗಳೂ ಇವೆ. ಮೊದಲನೆಯದು ಆಪ್. ಅದಕ್ಕೆ ಲಾಗಿನ್ ಬೇಕು, ಲಾಗಿನ್‌ಗೆ ನೆಟ್ ಬೇಕು. ನೆಟ್ ಹೋದಾಗಲೇ ಅಲ್ವಾ ನಾವು ಆಪ್ ತೆರೆಯೋದು? ಇನ್ನೊಂದು, ರಾತ್ರಿ ತಾನೇ ಆಗುವ ಅಪ್‌ಡೇಟ್. ಒಂದು ಬೆಳಗ್ಗೆ ಎದ್ದರೆ ಪ್ರಿಂಟರ್ ಸತ್ತಿತ್ತು. ಅಪ್‌ಡೇಟ್ ತನ್ನಷ್ಟಕ್ಕೆ ಡಬ್ಲ್ಯೂಪಿಎ3 ಅನ್ನುವ ಹೊಸ ವೈಫೈ ಭದ್ರತೆ ಆನ್ ಮಾಡಿತ್ತು, ನಮ್ಮ ಮುದಿ ಪ್ರಿಂಟರ್‌ಗೆ ಗೊತ್ತಿರುವುದು ಡಬ್ಲ್ಯೂಪಿಎ2 ಮಾತ್ರ. ಹುಡುಕಿ ಹಳೆಯದಕ್ಕೆ ತಿರುಗಿಸೋಕೆ ಅರ್ಧ ದಿನ ಹೋಯಿತು. ನೆಟ್ ಕಂಪನಿಯ ಮೋಡೆಮ್ ತಾನೂ ರೌಟರ್ ಕೆಲಸ ಮಾಡುತ್ತಿದ್ದರಿಂದ ಮಗಳ ಗೇಮ್ ತಕರಾರು ತೆಗೆಯುತ್ತಿತ್ತು. ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ವೈಫೈ ಹಂಚುವುದು) ಹಾಕಿದೆ, ಸರಿಹೋಯಿತು. ಆದರೆ ಮಕ್ಕಳಿಗೆ ಸಮಯ ಮಿತಿ ಹಾಕುವ ಸೌಲಭ್ಯ ಅದರೊಂದಿಗೇ ಮಾಯ. ಮಗಳಿಗೆ ಎರಡು ಕಡೆಯಿಂದಲೂ ಲಾಭ.

160 ಮೆಗಾಹರ್ಟ್ಸ್ ಆಸೆಯನ್ನೂ ಬಿಟ್ಟೆ. ಅಷ್ಟು ಅಗಲದ ಚಾನೆಲ್ ರೇಡಾರ್‌ಗಳು ಬಳಸುವ ಜಾಗಕ್ಕೂ ಚಾಚಿಕೊಳ್ಳುತ್ತದೆ. ರೇಡಾರ್ ಅಂತ ಸಂಶಯ ಬಂದರೂ ಸಾಕು, ಡಬ್ಬಿ ಆ ಜಾಗ ಬಿಟ್ಟು ಏಳಬೇಕು. ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋದರೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೂರಬೇಕು. ಆ ಒಂದು ನಿಮಿಷ ಸರಿಯಾಗಿ ನನ್ನ ಮೀಟಿಂಗ್‌ನಲ್ಲೇ ಬರುತ್ತಿತ್ತು. 80ಕ್ಕೆ ಇಳಿಸಿ, ಚಾನೆಲ್ 36ರಲ್ಲಿ ಕೂರಿಸಿದ ಮೇಲೆ ಆ ಕಾಟವಿಲ್ಲ.

ಪೂರ್ತಿ ಸರಿಹೋಗದ್ದು ಒಂದೇ. ಮಾವನವರು ಹಾಲ್‌ನಲ್ಲಿ ವಿಡಿಯೋ ಕಾಲ್ ಶುರು ಮಾಡಿ ಮಾತಾಡುತ್ತಾ ಮೇಲೆ ಬರುತ್ತಾರೆ. ಅವರ ಫೋನ್ ಕೆಳಗಿನ ಡಬ್ಬಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಯಾವ ಡಬ್ಬಿ ಹಿಡಿಯಬೇಕು ಅಂತ ಕೊನೆಗೆ ತೀರ್ಮಾನ ಮಾಡುವುದು ಫೋನ್. ಮೆಶ್ ಸಲಹೆ ಕೊಡಬಹುದು ಅಷ್ಟೇ. ಹೊಸ ಫೋನ್‌ಗಳು ಮಾತು ಕೇಳುತ್ತವೆ, ಅವರದು ಕೇಳುವುದಿಲ್ಲ. ವೈಫೈ ಒಮ್ಮೆ ಆರಿಸಿ ಹಾಕಿ ಅಂತ ಹೇಳಿಕೊಟ್ಟಿದ್ದೇನೆ. ಅವರು ಅದರ ಬದಲು ಮೆಟ್ಟಿಲ ಮೇಲೇ ಕೂತು ಮಾತು ಮುಗಿಸುತ್ತಾರೆ.

ಕೇಬಲ್ ಎಳೆಯೋಕೆ ಆಗದ ಮನೆಯಾದರೆ ಮೂರು ಬ್ಯಾಂಡಿನ ಸೆಟ್ ನೋಡಿ. ಅಂಥ ಹಲವು ಸೆಟ್‌ಗಳಲ್ಲಿ ಡಬ್ಬಿಗಳು ತಮ್ಮತಮ್ಮಲ್ಲಿ ಮಾತಾಡೋಕೆ ಒಂದು ಬ್ಯಾಂಡ್ ಬೇರೆ ಇಟ್ಟುಕೊಳ್ಳುತ್ತವೆ. ಅದು 6 ಗಿಗಾಹರ್ಟ್ಸ್ ಅಂದರೆ ಮಾತ್ರ ಸ್ವಲ್ಪ ತಡೆಯಿರಿ. ಗೋಡೆ ಸೀಳುವುದರಲ್ಲಿ ಅದು 5ಕ್ಕಿಂತ ಹಿಂದೆ.

ಮೂರನೇ ಡಬ್ಬಿಯನ್ನು ಮೊನ್ನೆ ತಂಗಿಗೆ ಕೊಡೋಣ ಅಂತ ಇಳಿಸಿದ್ದೆ. ಅವಳ ಮನೆಯ ಮೆಶ್ ಬೇರೆ ಬ್ರಾಂಡ್, ಎರಡಕ್ಕೂ ಕೂಡಿಬರಲಿಲ್ಲ. ಬಿಡಿ ರೌಟರ್ ಆಗಿ ಬಳಸಬಹುದಂತೆ, ಅವಳ ಹತ್ತಿರ ಅದು ಆಗಲೇ ಇದೆ. ಮತ್ತೆ ಅಟ್ಟಕ್ಕೇ ಹತ್ತಿಸಿದೆ, ಎಕ್ಸ್‌ಟೆಂಡರ್ ಪಕ್ಕಕ್ಕೆ.