ಡಬ್ಬಿ ಮೇಲೆ ‘ಟೂಟಿ’ ಅಂತ ಇದ್ದರೆ ಸಾಲದು: ಚೈನ್‌ಸಾ ಇರುವವರು ಇದನ್ನು ಓದಿ

ಟೂಟಿ ಅಂದರೆ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸಿ ಹಾಕುವ ಆಯಿಲ್. ದೋಣಿ ಎಂಜಿನ್‌ಗೆಂದು ಮಾಡಿದ ಟೂಟಿ ಆಯಿಲನ್ನು ಚೈನ್‌ಸಾಗೆ, ಅಂದರೆ ಮರ ಕೊಯ್ಯುವ ಎಂಜಿನ್ ಗರಗಸಕ್ಕೆ, ಹಾಕಬೇಡಿ. ಯಾರು ಎಷ್ಟೇ ಧೈರ್ಯವಾಗಿ ಹೇಳಿದರೂ ಹಾಕಬೇಡಿ. ನನ್ನ ಗರಗಸದ ಪಿಸ್ಟನ್ ಹಾಳಾಗಿದ್ದು ಇದರಿಂದಲೇ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸರ್ವಿಸ್ ಮುಗಿಸಿ ಗರಗಸ ವಾಪಸ್ ಕೊಡುವಾಗ ಮೆಕ್ಯಾನಿಕ್ ಒಂದು ಡಬ್ಬಿ ಆಯಿಲನ್ನೂ ಕೊಟ್ಟ. “ನೀವು ಹಾಕ್ತಿದ್ದಕ್ಕಿಂತ ಇದು ಮೇಲು. ನೀರಿನ ಮೇಲೆ ದಿನಗಟ್ಟಲೆ ಓಡೋ ಎಂಜಿನ್‌ಗೇ ಇದನ್ನ ಹಾಕ್ತಾರೆ, ಗರಗಸ ಯಾವ ಲೆಕ್ಕ” ಎಂದ. ಅದನ್ನೇ ಲೀಟರ್ ಪೆಟ್ರೋಲಿಗೆ 20 ಮಿ.ಲೀ.ಯಂತೆ ಅಳೆದು ಬೆರೆಸುತ್ತಿದ್ದೆ. ಯಂತ್ರದ ಪುಸ್ತಕದಲ್ಲಿ ಇದ್ದ ಅಳತೆಯೂ ಅದೇ, 50ಕ್ಕೆ 1.

ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಗಟ್ಟಿ ಮರಕ್ಕೆ ಇಟ್ಟರೆ ಶಕ್ತಿ ಸಾಲುತ್ತಿರಲಿಲ್ಲ. ಒಂದು ದಿನ ಬಿದ್ದ ಮರದ ಬೊಡ್ಡೆ ಕೊಯ್ಯುವಾಗ ಸದ್ದು ಇದ್ದಕ್ಕಿದ್ದಂತೆ ಕೀರಲಾಯಿತು, ಅಲ್ಲೇ ಎಂಜಿನ್ ನಿಂತಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ತಣ್ಣಗಾದ ಮೇಲೆ ಎಳೆದರೆ ತಡೆಯೇ ಇಲ್ಲದೆ ಸಲೀಸಾಗಿ ಬಂತು. ಅದು ಇನ್ನೂ ಕೆಟ್ಟ ಸೂಚನೆ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿದೆ ಅಂತ ಅರ್ಥ.

ಕೊಟ್ಟವನನ್ನು ಕೇಳಿದರೆ “ಆಯಿಲ್ ಕಮ್ಮಿ ಹಾಕಿರ್ತೀರಿ” ಎಂದುಬಿಟ್ಟ. ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಕಿಂಡಿಯಿಂದ ಟಾರ್ಚ್ ಬಿಟ್ಟು ತೋರಿಸಿದರು. ಪಿಸ್ಟನ್ನಿನ ಮೈ ಮೇಲೆ ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು. ಗ್ಯಾಸ್ ಸೋರದಂತೆ ಪಿಸ್ಟನ್ ಸುತ್ತ ಕೂರುವ ರಿಂಗ್ ತನ್ನ ಸಂದಿನೊಳಗೆ ಅಂಟಿಕೊಂಡು ಕೂತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಒಳಗೆ ಹೋಗಿ ಚಿಮ್ಮಿ ಹೊರಗೆ ಬರಬೇಕು, ಅಲ್ವಾ? ಅದು ಮಿಸುಕಲೇ ಇಲ್ಲ. ಸುತ್ತ ಕಂದುಗಪ್ಪು ಬಣ್ಣದ, ಉಗುರಿಗೆ ಬಾರದಷ್ಟು ಗಟ್ಟಿಯಾದ ಮಸಿ. ಆಯಿಲ್ ಕಮ್ಮಿಯಾದರೂ ಗೀರು ಬೀಳುತ್ತದೆ, ನಿಜ. ಆದರೆ ರಿಂಗಿನ ಸಂದಿನಲ್ಲಿ ಇಷ್ಟು ಮಸಿ ಕಟ್ಟುವುದಿಲ್ಲ. ಆಮೇಲೆ ಅವರು ಡಬ್ಬಿ ತಿರುಗಿಸಿ ಒಂದು ಗುರುತಿನ ಮೇಲೆ ಬೆರಳಿಟ್ಟರು: ಟಿಸಿ-ಡಬ್ಲ್ಯೂ3.

ಇದು ದೋಣಿಯ ಔಟ್‌ಬೋರ್ಡ್ (ಹಿಂಬದಿಗೆ ಹೊರಗೆ ತಗುಲಿಸುವ) ಎಂಜಿನ್‌ಗಳ ಗುರುತು. ಅಲ್ಲಿ ಎಂಜಿನ್ನನ್ನು ನೀರು ತಣ್ಣಗಿಡುತ್ತದೆ, ಹಾಗಾಗಿ ಆಯಿಲ್‌ಗೆ ವಿಪರೀತ ಬಿಸಿ ತಾಳುವ ಕೆಲಸ ಬೀಳುವುದಿಲ್ಲ. ಉರಿದ ಮೇಲೆ ಬೂದಿ ಉಳಿಯಬಾರದು ಅಂತ ಅದರಲ್ಲಿ ಲೋಹ ಬೆರೆತ ಡಿಟರ್ಜೆಂಟ್ ಹಾಕುವುದಿಲ್ಲ. ದೋಣಿಗೆ ಅದೇ ಸರಿ. ಚೈನ್‌ಸಾ ಕತೆಯೇ ಬೇರೆ. ಗಾಳಿಯೊಂದೇ ಅದನ್ನು ತಣಿಸಬೇಕು. ಪೂರ್ತಿ ರೇಸ್‌ನಲ್ಲಿ ನಿಮಿಷಕ್ಕೆ 12,000 ಸುತ್ತು ದಾಟುವುದು ಸಾಮಾನ್ಯ. ಆ ಬಿಸಿಯಲ್ಲಿ ರಿಂಗಿನ ಸಂದನ್ನು ಶುಚಿಯಾಗಿಡಲು ದೋಣಿ ಆಯಿಲ್‌ಗೆ ಆಗುವುದಿಲ್ಲ. ಮಸಿ ಕಟ್ಟುತ್ತದೆ, ರಿಂಗ್ ಅಂಟುತ್ತದೆ. ಉರಿಯುವ ಗ್ಯಾಸ್ ರಿಂಗನ್ನು ದಾಟಿ ಕೆಳಗೆ ನುಗ್ಗಿ ಪಿಸ್ಟನ್ ಮೇಲಿನ ಆಯಿಲ್ ಪದರವನ್ನೇ ಸುಟ್ಟುಬಿಡುತ್ತದೆ. ಹೊಗೆ ಹೋಗುವ ಬದಿಯೇ ಎಲ್ಲಕ್ಕಿಂತ ಬಿಸಿ, ಅದಕ್ಕೇ ಗೀರು ಅಲ್ಲೇ ಮೊದಲು ಕಾಣುತ್ತದೆ.

ಇನ್ನೊಂದು ಗೊಂದಲ ಇದೆ, ದಯವಿಟ್ಟು ಗಮನಿಸಿ. ಬರೀ ‘ಟಿಸಿ’ ಅಂತ ಇರುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತು ಗಾಳಿಯಲ್ಲಿ ತಣಿಯುವ ಎಂಜಿನ್‌ಗಳದ್ದು. ‘ಟಿಸಿ-ಡಬ್ಲ್ಯೂ3’ ನೀರಿನದ್ದು. ಸಣ್ಣ ಅಕ್ಷರದಲ್ಲಿ ಮುದ್ರಿಸಿದಾಗ ಎರಡೂ ಒಂದೇ ಅನ್ನಿಸುತ್ತವೆ. ಮೆಕ್ಯಾನಿಕ್‌ಗಳೇ ಎಡವುವುದು ಇಲ್ಲಿ.

ಚೈನ್‌ಸಾಗೆ ನೋಡಬೇಕಾದ್ದು ಜಾಸೋ (ಜಪಾನಿನ ವಾಹನ ಮಾನದಂಡ ಸಂಸ್ಥೆ) ಗುರುತು. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆಗಳಿವೆ. ಎಫ್‌ಸಿಯಲ್ಲಿ ಎಫ್‌ಬಿಗಿಂತ ಹೊಗೆ ಕಮ್ಮಿ, ಸೈಲೆನ್ಸರ್ ಕಟ್ಟುವುದೂ ಕಮ್ಮಿ. ಎಫ್‌ಡಿ ಅದರ ಮೇಲೆ ಎಂಜಿನ್ ಒಳಗನ್ನು ಇನ್ನೂ ಶುಚಿಯಾಗಿಡುತ್ತದೆ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡ ಪದ್ಧತಿಯಲ್ಲಿ ಎಫ್‌ಡಿಗೆ ಸಾಟಿಯಾದದ್ದು ಇಜಿಡಿ. ನನ್ನನ್ನು ಕೇಳಿದರೆ ಗಟ್ಟಿ ಕೆಲಸ ಮಾಡುವ ಗರಗಸಕ್ಕೆ ಎಫ್‌ಡಿಗಿಂತ ಕೆಳಗೆ ಇಳಿಯಲೇಬಾರದು. ಗುರುತೇ ಇಲ್ಲದ ಲೂಸ್ ಆಯಿಲ್ ಅಂತೂ ಬೇಡವೇ ಬೇಡ.

ಬಣ್ಣ ನೋಡಿ ಕೊಳ್ಳಬೇಡಿ. ಕೆಂಪು, ಹಸಿರು, ನೀಲಿ ಎಲ್ಲ ಬರೀ ಡೈ. ಪೆಟ್ರೋಲಿಗೆ ಆಯಿಲ್ ಬೆರೆತಿದೆಯೋ ಇಲ್ಲವೋ ಕಣ್ಣಿಗೆ ಕಾಣಲಿ ಅಂತ ಹಾಕಿರುತ್ತಾರೆ, ಅಷ್ಟೇ.

ಬೈಕಿಗೆ ಹಾಕುವ ಫೋರ್‌ಸ್ಟ್ರೋಕ್ ಆಯಿಲ್ ಕೂಡ ನಡೆಯುತ್ತೆ ಅನ್ನುವವರಿದ್ದಾರೆ. ನಡೆಯಲ್ಲ. ಅದು ಎಂಜಿನ್ ಒಳಗೇ ಉಳಿದು ಸುತ್ತಾಡಲು ಮಾಡಿದ್ದು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಒಳಹೊಕ್ಕು ಉರಿದು ಹೋಗಬೇಕು.

“ಒಂದು ಚೂರು ಜಾಸ್ತಿ ಹಾಕಿ, ಎಂಜಿನ್‌ಗೆ ಒಳ್ಳೇದು” ಅನ್ನುವ ಮಾತೂ ತುಂಬ ಕೇಳಿಬರುತ್ತದೆ. ಆಯಿಲ್ ಜಾಸ್ತಿಯಾದರೆ ಮಸಿ ಜಾಸ್ತಿ, ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಜಾಲರಿ ಕಟ್ಟುತ್ತದೆ. ಅಷ್ಟೇ ಅಲ್ಲ, ಕಾರ್ಬ್ಯುರೇಟರ್ ಸಣ್ಣ ತೂತಿನಿಂದ ಬಿಡುವ ಇಂಧನದಲ್ಲಿ ಆಯಿಲ್ ಪಾಲು ಹೆಚ್ಚಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ 5 ಲೀಟರಿಗೆ 100 ಮಿ.ಲೀ., 40ಕ್ಕೆ 1 ಅಂತ ಇದ್ದರೆ 125. ಮುಚ್ಚಳದ ಲೆಕ್ಕ ಬೇಡ, ಗೆರೆ ಇರುವ ಅಳತೆ ಪಾತ್ರೆ ಇಟ್ಟುಕೊಳ್ಳಿ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳೊಳಗೆ ಮುಗಿಸಿ. ಎಥನಾಲ್ ಇರುವ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ.

ಈಗಾಗಲೇ ನಿಮ್ಮ ಟ್ಯಾಂಕಿನಲ್ಲಿ ಟಿಸಿ-ಡಬ್ಲ್ಯೂ3 ಬೆರೆತದ್ದು ಇದ್ದರೆ ಖಾಲಿ ಮಾಡಿ, ಸರಿಯಾದ ಆಯಿಲ್ ಬೆರೆಸಿ ಹಾಕಿ. ಆಮೇಲೆ ಸ್ವಿಚ್ ಆಫ್ ಇಟ್ಟು, ಎಂಜಿನ್ ತಣ್ಣಗಿರುವಾಗ, ಬಾರ್‌ಗೆ (ಚೈನ್ ಸುತ್ತುವ ಉದ್ದ ಪಟ್ಟಿಗೆ) ಕವರ್ ಹಾಕಿ, ಸ್ಟಾರ್ಟರ್ ಹಗ್ಗದ ಹಿಡಿಯಲ್ಲೇ ಗರಗಸವನ್ನು ಮೆಲ್ಲಗೆ ಮೇಲೆತ್ತಿ ನೋಡಿ. ಸ್ಟಾರ್ಟ್ ಮಾಡುವಾಗ ಒತ್ತಡ ಇಳಿಸುವ ಡಿಕಂಪ್ರೆಶನ್ ಬಟನ್ ಇದ್ದರೆ ಅದನ್ನು ಒತ್ತಿರಬಾರದು. ಗರಗಸ ತಡೆದು ತಡೆದು ನಿಧಾನವಾಗಿ ಇಳಿದರೆ ಕಂಪ್ರೆಶನ್ ಇದೆ. ಸರ್ರನೆ ಇಳಿದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಮೊದಲು ಸೈಲೆನ್ಸರ್ ಬಿಚ್ಚಿಸಿ ಪಿಸ್ಟನ್ ನೋಡಿಸಿ. ರಿಂಗ್ ಅಂಟಿದ್ದಷ್ಟೇ ಆಗಿದ್ದರೆ ಬಿಡಿಸಿ, ತೊಳೆದು, ಹೊಸ ರಿಂಗ್ ಹಾಕಿ ಉಳಿಸಿಕೊಳ್ಳಬಹುದು. ಗೀರು ಸಿಲಿಂಡರ್ ಗೋಡೆಯ ಲೇಪ ಕಿತ್ತಿದ್ದರೆ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ.